ಎರಡೂ ಪಟ್ಟಿಯಲ್ಲಿ ಬಂದ ಹಕ್ಕಿ

ಮಾರ್ಚ್ ೪, ಸೋಮವಾರ

ಇವತ್ತು ಹದಿನೇಳು ಜನರಾಗಿ ನಡೆದೆ. ಒಬ್ಬ ರಾಜಕುಮಾರಿ, ಒಬ್ಬ ಮಂತ್ರಿ, ಒಬ್ಬ ಕುಂಟ ಮುದುಕ, ಹದಿಮೂರು ಕಾವಲುಗಾರರು, ಒಂದು ಕುದುರೆ. ಕುದುರೆಯನ್ನು ಜನರ ಜೊತೆ ಎಣಿಸಬಾರದು ಎಂದು ಮೇಷ್ಟ್ರು ಹೇಳುತ್ತಾರೆ. ಆದರೆ ಸುಸ್ತಾಗುವುದು ಅದಕ್ಕೇ ಹೆಚ್ಚು.

ಹಳೆಯ ನೋಟ್‌ಬುಕ್ ತುಂಬಿತು. ಹೊಸದರ ಮೊದಲ ಪುಟ ಗುರುತಿಲ್ಲದವರ ಹಾಗೆ ನನ್ನ ಮುಖ ನೋಡುತ್ತಿದೆ. ಅದಕ್ಕೆ ಪರಿಚಯ ಹೇಳಿಬಿಡುತ್ತೇನೆ. ಸಿನಿಮಾದಲ್ಲಿ ಜನ ನಡೆದಾಗ ಕೇಳುವ ಹೆಜ್ಜೆಯ ಸದ್ದು ಅವರದಲ್ಲ. ಚಿತ್ರ ತೆಗೆಯುವಾಗ ಆ ಸದ್ದು ಸರಿಯಾಗಿ ಸಿಗುವುದಿಲ್ಲ. ಆಮೇಲೆ ಯಾರಾದರೂ ಒಬ್ಬರು ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ನಿಂತು, ತೆರೆಯ ಮೇಲಿನ ಕಾಲುಗಳನ್ನೇ ನೋಡುತ್ತಾ, ಅವು ನಡೆದ ಹಾಗೆ ನಡೆಯಬೇಕು. ನಮ್ಮ ಸ್ಟುಡಿಯೋದಲ್ಲಿ ಅದು ನಾನು. ಮೊದಲು ಇಲ್ಲಿ ಸದ್ದಿನ ಕೆಲಸ ನೋಡಿಕೊಳ್ಳುವ ಮೇಷ್ಟ್ರೇ ನಡೆಯುತ್ತಿದ್ದರು. ಅವರ ಮೊಣಕಾಲು ಹೋದ ಮೇಲೆ ನನ್ನನ್ನು ಸೇರಿಸಿಕೊಂಡರು. ಏಳು ವರ್ಷವಾಯಿತು. ಐದನೇ ತರಗತಿಗೆ ಶಾಲೆ ಬಿಟ್ಟವಳಿಗೆ, ಯಾರಾದರೂ ಹೆಸರು ಕೇಳಿದರೆ ನೆಲ ನೋಡುವವಳಿಗೆ, ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಇಲ್ಲಿ ನೆಲ ನೋಡುವುದೇ ಕೆಲಸ.

ಇವತ್ತಿನ ವಿಷಯ ಇಷ್ಟೇ. ‘ಕಲ್ಲುಹಕ್ಕಿ’ ಸಿನಿಮಾದ ಎರಡನೆಯ ಭಾಗದ ದೃಶ್ಯಗಳು ಬಂದಿವೆ.

ಮೊದಲನೆಯ ಭಾಗದಲ್ಲಿ ಮಾತಾಡುವ ಕಲ್ಲಿನ ಹಕ್ಕಿಗೆ ದನಿ ಕೊಟ್ಟವಳು ನಮ್ಮಮ್ಮ. ಆಗ ಸ್ಟುಡಿಯೋ ಕ್ಯಾಂಟೀನಿನಲ್ಲಿ ಲೋಟ ತೊಳೆಯುತ್ತಿದ್ದಳು. ಒಂದು ದಿನ ನಲ್ಲಿ ಕೆಟ್ಟು ಮೈಯೆಲ್ಲಾ ನೀರಾಯಿತು. ಅಮ್ಮ ಆ ನಲ್ಲಿಯನ್ನು ಬೈದ ಬೈಗುಳ ಗೋಡೆ ದಾಟಿ ರೆಕಾರ್ಡಿಂಗಿನೊಳಗೆ ಸೇರಿಕೊಂಡಿತು. ಎಲ್ಲರೂ ಅದನ್ನು ಅಳಿಸಲು ಹೊರಟರೆ ನಿರ್ದೇಶಕರು ತಡೆದು, ಸಾವಿರ ವರ್ಷ ಸುಮ್ಮನೆ ಕೂತಿದ್ದ ಕಲ್ಲು ಬಾಯಿ ಬಿಟ್ಟರೆ ಹೀಗೇ ಇರಬೇಕು, ಕರೆಯಿರಿ ಎಂದರಂತೆ. ಅಮ್ಮನಿಗೆ ಓದಲು ಬರುವುದಿಲ್ಲ. ಮೇಷ್ಟ್ರು ಒಂದೊಂದೇ ಸಾಲನ್ನು ಕಿವಿಯಲ್ಲಿ ಹೇಳಿದರು, ಅಮ್ಮ ಅದನ್ನು ಹಕ್ಕಿಯ ಬಾಯಿಗೆ ಹಾಕಿದಳು. ಅವತ್ತಿನಿಂದ ಬೀದಿಗೆಲ್ಲಾ ಅವಳು ಹಕ್ಕಿಯಮ್ಮ. ಕ್ಯಾಂಟೀನ್ ಮುಚ್ಚಿತು, ಈಗ ಮನೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ. ಅಂಗಿ ತಂದುಕೊಡುವವನೂ ಹಕ್ಕಿಯಮ್ಮ ಎಂದೇ ಕರೆಯುತ್ತಾನೆ.

ಎರಡನೆಯ ಭಾಗ ಬಂತು ಎಂದಾಗ ಅಮ್ಮ ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದು ನಿಂತಳು. ಎಲ್ಲಿಗೆ ಎಂದು ಕೇಳಿದೆ. ಎಲ್ಲಿಗೂ ಇಲ್ಲ ಎಂದು ಮತ್ತೆ ಕೂತಳು.

ಮಾರ್ಚ್ ೭, ಗುರುವಾರ

ಹಕ್ಕಿ ಇರುವ ದೃಶ್ಯಗಳು ಬಂದವು. ರಾಜಕುಮಾರಿ ಗುಹೆಯಲ್ಲಿ ಹಕ್ಕಿಯ ಮುಂದೆ ಕೂತು ಮಾತಾಡುತ್ತಾಳೆ, ಮಾತಾಡುತ್ತಾಳೆ, ಮಾತಾಡುತ್ತಲೇ ಇರುತ್ತಾಳೆ. ಹಕ್ಕಿ ಕೊಕ್ಕು ತೆರೆಯುವುದಿಲ್ಲ. ಇನ್ನೂ ಕಂಪ್ಯೂಟರಿನಲ್ಲಿ ಕೊಕ್ಕಾಡಿಸುವ ಕೆಲಸ ಮುಗಿದಿಲ್ಲವೇನೋ ಅಂದುಕೊಂಡೆ. ನನ್ನ ಕೆಲಸ ರಾಜಕುಮಾರಿಯ ಕಾಲು, ನಾನು ಅದನ್ನು ಮಾಡಿದೆ.

ಮಧ್ಯಾಹ್ನ ಟೀ ಕುಡಿಯುವಾಗ ಮೇಷ್ಟ್ರು ತಾವಾಗಿಯೇ ಹೇಳಿದರು. ಈ ಸಲ ಹಕ್ಕಿ ಮಾತಾಡುವುದಿಲ್ಲವಂತೆ. ಮೊದಲನೆಯ ಭಾಗದ ಕೊನೆಯಲ್ಲಿ ರಾಜಕುಮಾರಿಯ ಶಾಪವನ್ನು ಹಕ್ಕಿ ನುಂಗಿತಲ್ಲ, ಅದರಿಂದ ಗಂಟಲು ಪೂರ್ತಿ ಕಲ್ಲಾಯಿತಂತೆ. ನಿರ್ದೇಶಕರು ಒಂದು ವರ್ಷ ಯೋಚಿಸಿ ಹೀಗೆ ಮಾಡಿದ್ದಾರಂತೆ.

ಅಮ್ಮನಿಗೆ ಹೇಗೆ ಹೇಳುವುದು ಎಂದು ಅವರು ನನ್ನನ್ನು ಕೇಳಲಿಲ್ಲ. ನಾನೂ ಅವರನ್ನು ಕೇಳಲಿಲ್ಲ. ಟೀ ಮುಗಿಸಿ ಕೆಲಸಕ್ಕೆ ಹೋದೆವು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ, ಹಕ್ಕಿ ಬಂತಾ ಎಂದಳು. ಇನ್ನೂ ಇಲ್ಲ ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ನಾಳೆ ಹೇಳಿದರಾಯಿತು.

ಮಾರ್ಚ್ ೯, ಶನಿವಾರ

ನಿನ್ನೆಯೂ ಹೇಳಲಿಲ್ಲ, ಇವತ್ತೂ ಹೇಳಲಿಲ್ಲ.

ಅಮ್ಮ ಜಗಳ ನಿಲ್ಲಿಸಿದ್ದಾಳೆ. ಮೊದಲಾದರೆ ನೀರಿನ ಸರದಿಯಲ್ಲಿ ಯಾರಾದರೂ ಒಂದು ಬಿಂದಿಗೆ ಮುಂದೆ ಸರಿಸಿದರೆ ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು. ಈಗ ದನಿ ಉಳಿಸಬೇಕೆಂದು ಕೈಸನ್ನೆಯಲ್ಲೇ ಬೈಯುತ್ತಾಳೆ. ಇವತ್ತು ಎದುರುಮನೆಯ ಡ್ರೈವರಣ್ಣನಿಗೆ ಬೆರಳು, ಹುಬ್ಬು, ಮೊಣಕೈ ಮೂರನ್ನೂ ಬಳಸಿ ಏನೋ ಹೇಳಿದಳು. ಅವನಿಗೆ ಪೂರ್ತಿ ಅರ್ಥವಾಯಿತು. ಬೈಕ್ ತೆಗೆದು ಆಚೆ ನಿಲ್ಲಿಸಿದ. ಹೋಗುವಾಗ ನನಗೆ, ನಿಮ್ಮ ಹಕ್ಕಿಯಮ್ಮ ಕಾವಿಗೆ ಕೂತಿದ್ದಾರಾ, ಮರಿ ಯಾವಾಗ ಎಂದು ಕೇಳಿದ. ನಾನು ನಕ್ಕೆ. ನಗಬಾರದಿತ್ತು.

ಇನ್ನೊಂದು. ಅಮ್ಮ ಗುಂಡಿ ಹೊಲಿಯುತ್ತಾ ಹಕ್ಕಿಗೆ ತಾನೇ ಮಾತು ಕಟ್ಟುತ್ತಿದ್ದಾಳೆ. ಒಂದು ಹೀಗಿದೆ. ರಾಜಕುಮಾರಿ ನನಗೆ ಭಯ ಎನ್ನುತ್ತಾಳೆ. ಹಕ್ಕಿ ಹೇಳುತ್ತದೆ, "ಭಯ ಇರ್ಲಿ ಬಿಡು, ಅದೂ ಬೆನ್ನ ಮೇಲೆ ಕೂತ್ಕೊಳ್ಳಲಿ, ಜಾಗ ಇದೆ."

ಸಿನಿಮಾದಲ್ಲಿರುವ ಯಾವ ಮಾತಿಗಿಂತಲೂ ಇದು ಚೆನ್ನಾಗಿದೆ. ಅದೇ ಕಷ್ಟವಾಗಿರುವುದು.

ಮಾರ್ಚ್ ೧೨, ಮಂಗಳವಾರ

ನಿರ್ದೇಶಕರು ಬಂದಿದ್ದರು. ನಾನು ಬೂಟು ಜೋಡಿಸುವ ಗೋಡೆಯ ಕಡೆ ತಿರುಗಿಕೊಂಡೆ. ಅಲ್ಲಿ ನಲವತ್ತೆರಡು ಜೋಡಿ ಇವೆ. ಜನ ಬಂದಾಗ ನಾನು ಅವುಗಳನ್ನು ಜೋಡಿಸುತ್ತೇನೆ, ಜನ ಹೋದ ಮೇಲೆ ಮತ್ತೆ ಮೊದಲಿನಂತೆ ಇಡುತ್ತೇನೆ.

ಅವರು ಹೆಜ್ಜೆಯ ಸದ್ದಿಗೆಂದು ಮರಳು ತುಂಬಿಟ್ಟ ದೊಡ್ಡ ತಟ್ಟೆಯ ಅಂಚಿನಲ್ಲಿ ಕೂತರು. ಕಣ್ಣ ಕೆಳಗೆ ಕಪ್ಪು. ಸಿನಿಮಾ ಹೇಗಿದೆ ಎಂದು ಯಾರನ್ನು ಕೇಳಿದರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಅವರೆಲ್ಲರ ಕಾಲು ಮಾತ್ರ ಬಾಗಿಲ ಕಡೆಗಿರುತ್ತದೆ ಎಂದರು. ನನಗೆ ಅದು ಚೆನ್ನಾಗಿ ಅರ್ಥವಾಯಿತು, ಕಾಲಿನ ವಿಷಯ ತಾನೇ. ಆಮೇಲೆ ನನ್ನ ಕಡೆ ತಿರುಗಿ, ನೀನು ಮೊದಲನೆಯ ಭಾಗಕ್ಕೂ ನಡೆದವಳು, ಇದಕ್ಕೂ ನಡೆಯುತ್ತಿರುವವಳು, ಮಾತಾಡುವುದು ಬೇಡ, ಬರೆದು ಕೊಡು ಎಂದರು. ಒಂದು ಕಡೆ ಏನು ಚೆನ್ನಾಗಿದೆ, ಇನ್ನೊಂದು ಕಡೆ ಏನು ಚೆನ್ನಾಗಿಲ್ಲ. ಬದಲಾಯಿಸಲು ಇನ್ನೂ ಮೂರು ವಾರ ಸಮಯ ಇದೆಯಂತೆ.

ನಾನು ಬರೆಯುತ್ತೇನೆ ಎಂದು ಅವರಿಗೆ ಹೇಳಿದ್ದು ಮೇಷ್ಟ್ರು. ಊಟದ ಹೊತ್ತಿನಲ್ಲಿ ನೋಟ್‌ಬುಕ್ ಹಿಡಿದು ಕೂರುವುದನ್ನು ನೋಡಿದ್ದಾರೆ.

ಮೂರು ವಾರದಲ್ಲಿ ಬದಲಾಯಿಸಬಹುದು. ಅಂದರೆ ನಾನು ಸರಿಯಾಗಿ ಬರೆದರೆ ಅಮ್ಮನಿಗೆ ಕರೆ ಬರಬಹುದು. ಬಸ್ಸಿನಲ್ಲಿ ಪೂರ್ತಿ ಇದನ್ನೇ ಯೋಚಿಸಿ ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ.

ಮಾರ್ಚ್ ೧೪, ಗುರುವಾರ

ಪಟ್ಟಿ ಮಾಡಲು ಕೂತಿದ್ದೇನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಚೆನ್ನಾಗಿರುವುದು: ರಾಜಕುಮಾರಿ ಈಗ ಹಿಮ್ಮಡಿ ಊರಿ ನಡೆಯುತ್ತಾಳೆ. ಮೊದಲನೆಯ ಭಾಗದಲ್ಲಿ ಬೆರಳ ತುದಿಯಲ್ಲಿ ನಡೆಯುತ್ತಿದ್ದಳು, ಯಾರಿಗೋ ಕೇಳಿಸಬಾರದು ಎನ್ನುವ ಹಾಗೆ. ಯಾರೂ ಅವಳಿಗೆ ಹೇಳಿಕೊಟ್ಟಂತೆ ಕಾಣುವುದಿಲ್ಲ. ಒಂದು ಊರು ಸುಟ್ಟುಹೋದದ್ದನ್ನು ನೋಡಿ ಬಂದವಳ ನಡಿಗೆ ಅದು.

ಹಿಮದ ಮೇಲಿನ ದೃಶ್ಯವೂ ಚೆನ್ನಾಗಿದೆ. ಹಿಮದ ಸದ್ದಿಗೆ ನಾನೇ ಹಿಟ್ಟಿನ ಚೀಲದ ಮೇಲೆ ನಡೆದೆ ಎಂದು ಹೀಗೆನ್ನುತ್ತಿಲ್ಲ. ಅಲ್ಲಿ ಯಾರೂ ಅವಸರ ಮಾಡುವುದಿಲ್ಲ.

ಚೆನ್ನಾಗಿಲ್ಲದ್ದು: ಯುದ್ಧ. ಮೊದಲನೆಯ ಭಾಗದಲ್ಲಿ ಒಂದೇ ಯುದ್ಧ ಇತ್ತು, ಯಾರು ಬಿದ್ದರು ಎಂದು ಗೊತ್ತಾಗುತ್ತಿತ್ತು. ಇದರಲ್ಲಿ ನಾಲ್ಕಿವೆ. ಸೈನಿಕರು ಸಾವಿರಾರು. ಕಂಪ್ಯೂಟರಿನಲ್ಲಿ ಎಷ್ಟು ಜನರನ್ನಾದರೂ ಮಾಡಬಹುದು, ನನಗಿರುವುದು ಎರಡೇ ಕಾಲು. ಸತ್ತುಹೋದ ಮಾಂತ್ರಿಕ ಮತ್ತೆ ಬಂದದ್ದು. ಬಂದ ಮೇಲಾದರೂ ಹೊಸದೇನಾದರೂ ಮಾಡಬೇಕಿತ್ತು, ಮತ್ತೆ ಅದೇ ಮೆಟ್ಟಿಲಿಂದ ಬಿದ್ದು ಸಾಯುತ್ತಾನೆ. ಕೋಟೆಗೆ ಏಳು ಬಾಗಿಲು ಏಕೆ ಎಂದು ಒಬ್ಬ ಮುದುಕ ಕೂತು ವಿವರಿಸುತ್ತಾನೆ. ಮೊದಲು ನಾವೇ ಏನೇನೋ ಊಹಿಸಿಕೊಂಡಿದ್ದೆವು. ಅವನು ಹೇಳಿದ್ದು ನಮ್ಮ ಊಹೆಗಿಂತ ಸಣ್ಣದು.

ಹಕ್ಕಿ ಮಾತಾಡುವುದಿಲ್ಲ.

ಇದನ್ನು ಚೆನ್ನಾಗಿಲ್ಲದ್ದರ ಕೆಳಗೆ ಬರೆದೆ. ಬರೆದು ಹೊಡೆದುಹಾಕಿದೆ. ಇದು ಸಿನಿಮಾದ ಕೊರತೆಯೋ ನಮ್ಮನೆಯ ಕೊರತೆಯೋ. ಆ ಹಕ್ಕಿಯ ದನಿ ಬೇರೆ ಯಾರದೋ ಆಗಿದ್ದರೆ ನಾನು ಏನು ಬರೆಯುತ್ತಿದ್ದೆ. ಮತ್ತೆ ಬರೆದೆ. ಮತ್ತೆ ಹೊಡೆದೆ. ಹಾಳೆ ಹರಿಯಿತು.

ಮಾರ್ಚ್ ೧೮, ಸೋಮವಾರ

ಇವತ್ತು ನಡೆದದ್ದನ್ನು ಬರೆಯಬೇಕೋ ಬೇಡವೋ ಗೊತ್ತಿಲ್ಲ. ಬರೆಯುತ್ತೇನೆ, ಯಾರು ಓದುತ್ತಾರೆ.

ಹಕ್ಕಿಗೆ ಮಾತಿಲ್ಲ, ಆದರೆ ಸದ್ದು ಬೇಕು. ರೆಕ್ಕೆಗೆ ಒದ್ದೆ ಕ್ಯಾನ್ವಾಸ್ ಬಡಿದೆವು, ಕುತ್ತಿಗೆ ತಿರುಗುವುದಕ್ಕೆ ಎರಡು ಕಲ್ಲಿನ ಚಪ್ಪಡಿ ಉಜ್ಜಿದೆವು. ಅದೆಲ್ಲಾ ಸರಿಹೋಯಿತು. ಉಳಿದದ್ದು ಬೀಳ್ಕೊಡುವ ದೃಶ್ಯ. ಹಕ್ಕಿಯ ರೆಕ್ಕೆ ಬಿರುಕು ಬಿಟ್ಟಿದೆ, ಇನ್ನು ಹಾರಲಾರದು. ರಾಜಕುಮಾರಿ ಹಿಮದ ಬೆಟ್ಟ ದಾಟಬೇಕು. ಬಾ ಎನ್ನುತ್ತಾಳೆ. ಹಕ್ಕಿ ಬರುವುದಿಲ್ಲ. ಅವಳಿಗೆ ಹೋಗು ಎನ್ನಬೇಕು, ಆದರೆ ಬಾಯಿ ಇಲ್ಲ.

ಕಲ್ಲು, ಚರ್ಮದ ಬೆಲ್ಟು, ಖಾಲಿ ಡ್ರಮ್ಮು, ತುಕ್ಕು ಹಿಡಿದ ಬಾಗಿಲು, ಎಲ್ಲವನ್ನೂ ಮಾಡಿ ನೋಡಿದೆವು. ಎಲ್ಲವೂ ಸಾಮಾನಿನ ಸದ್ದೇ. ಮೇಷ್ಟ್ರು ನಾಳೆ ನೋಡೋಣ ಎಂದು ಎದ್ದರು. ರೆಕಾರ್ಡಿಂಗ್ ಯಂತ್ರ ಇನ್ನೂ ಓಡುತ್ತಿತ್ತು. ತೆರೆಯ ಮೇಲೆ ಹಕ್ಕಿ ಕೂತಿತ್ತು. ನಾನು ಮೈಕಿನ ಹತ್ತಿರ ಕಲ್ಲು ಎತ್ತಿಡಲು ಬಗ್ಗಿದೆ. ಏಳುವಾಗ ನನ್ನ ಗಂಟಲಿನಿಂದ ಒಂದು ಸದ್ದು ಬಂತು.

ಅದು ಅಮ್ಮನ ಸದ್ದು. ಬಹಳ ಹೊತ್ತು ಗುಂಡಿ ಹೊಲಿದು ಎದ್ದು ನಿಲ್ಲುವಾಗ ಅವಳಿಗೆ ಗೊತ್ತಿಲ್ಲದೆ ಬರುತ್ತದಲ್ಲ, ಅರ್ಧ ಉಸಿರು, ಅರ್ಧ ಏನೋ. ನಾನು ಬೇಕೆಂದು ಮಾಡಿದೆನೋ ತಾನಾಗಿ ಬಂತೋ ಈಗಲೂ ಹೇಳಲಾರೆ.

ಮೇಷ್ಟ್ರು ಬಾಗಿಲ ಹತ್ತಿರ ನಿಂತುಬಿಟ್ಟರು. ಹಿಂದಕ್ಕೆ ಹಾಕಿ ಕೇಳಿದರು. ಮತ್ತೆ ಕೇಳಿದರು. ತೆರೆಯ ಮೇಲೆ ಹಕ್ಕಿ ಎದೆ ಎತ್ತುವುದಕ್ಕೂ ಅದಕ್ಕೂ ಒಂದು ಕೂದಲಿನ ವ್ಯತ್ಯಾಸವೂ ಇರಲಿಲ್ಲ. "ಇದೇ," ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನೊಂದ್ ಸಲ ಮಾಡಬೇಡ. ಇದೇ ಇರ್ಲಿ."

ನನಗೆ ಬಹಳ ಖುಷಿಯಾಯಿತು. ಏಳು ವರ್ಷದಲ್ಲಿ ಇಷ್ಟು ಖುಷಿಯಾಗಿರಲಿಲ್ಲ. ಬಸ್ ಹತ್ತಿ ಕೂತ ಮೇಲೆ ಹೊಳೆಯಿತು. ಅಮ್ಮ ಕಾಯುತ್ತಿರುವ ಜಾಗದಲ್ಲಿ ನಾನು ಕೂತುಬಿಟ್ಟೆ, ಅದೂ ಅವಳ ಉಸಿರನ್ನೇ ತೆಗೆದುಕೊಂಡು.

ಮಾರ್ಚ್ ೧೯

ಹಕ್ಕಿ ಬಂತಾ ಎಂದಳು. ಇಲ್ಲ ಎಂದೆ.

ಮಾರ್ಚ್ ೨೧, ಗುರುವಾರ

ಪಟ್ಟಿ ಕೊಟ್ಟೆ. ನಾಲ್ಕು ಹಾಳೆ ಆಯಿತು.

ಹಕ್ಕಿಯ ವಿಷಯ ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಬೆಳಿಗ್ಗೆ ಒಂದು ಅನ್ನಿಸಿದರೆ ಬಸ್ಸಿನಲ್ಲಿ ಇನ್ನೊಂದು. ಗುಹೆಯ ದೃಶ್ಯ ನೋಡಿದರೆ ಹಕ್ಕಿ ಮಾತಾಡಲೇಬೇಕು ಅನ್ನಿಸುತ್ತದೆ. ಬೀಳ್ಕೊಡುವ ದೃಶ್ಯ ನೋಡಿದರೆ ಮಾತಾಡಿದರೆ ಕೆಟ್ಟಿತು ಅನ್ನಿಸುತ್ತದೆ. ಆಮೇಲೆ, ಅದು ನನ್ನ ಸದ್ದು ಎಂದು ಹಾಗನ್ನಿಸುತ್ತಿದೆಯೇನೋ ಎಂಬ ಅನುಮಾನ. ಗುಹೆಯಲ್ಲಿ ಅಮ್ಮ ಬೇಕು ಅನ್ನಿಸುವುದು ಅವಳು ಅಮ್ಮ ಎಂದೇನೋ. ಯಾವುದನ್ನು ಹಿಡಿದರೂ ಅದರ ಬಾಲಕ್ಕೆ ನಾನೇ ಕಟ್ಟಿಕೊಂಡಿದ್ದೇನೆ.

ಕೊನೆಗೆ ‘ಹಕ್ಕಿ ಮಾತಾಡುವುದಿಲ್ಲ’ ಎಂದು ಎರಡೂ ಕಡೆ ಬರೆದೆ. ಚೆನ್ನಾಗಿರುವುದರಲ್ಲಿ ಐದನೆಯದು, ಚೆನ್ನಾಗಿಲ್ಲದ್ದರಲ್ಲಿ ಒಂದನೆಯದು.

ಮಾರ್ಚ್ ೨೩, ಶನಿವಾರ

ನಿರ್ದೇಶಕರು ಹಾಳೆಗಳನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದರು. ಅಂಚುಗಳೆಲ್ಲಾ ಮುದುರಿದ್ದವು, ಬಹಳ ಸಲ ಓದಿದ ಹಾಗೆ. ಮೊದಲು ಕೇಳಿದ್ದು ಮಂತ್ರಿಯ ವಿಷಯ. ನಾನು ಮೂರನೇ ಹಾಳೆಯಲ್ಲಿ, ಪಾಪ ಆ ಮಂತ್ರಿ ಅಷ್ಟು ಒಳ್ಳೆಯವನು, ಅವನನ್ನು ಜೈಲಿಗೆ ಹಾಕಿದ್ದು ಅನ್ಯಾಯ ಎಂದು ಬರೆದಿದ್ದೆ.

"ಅವನೇ ಕಣಮ್ಮ ವಿಷ ಹಾಕಿಸಿದ್ದು," ಎಂದರು.

ನನಗೆ ಗೊತ್ತಿರಲಿಲ್ಲ. ನಾನು ಅವನ ಮುಖ ನೋಡಿಯೇ ಇಲ್ಲ. ಅವನು ಮೆತ್ತಗೆ ಹೆಜ್ಜೆ ಇಡುತ್ತಾನೆ, ಮಲಗಿದ ಮಕ್ಕಳನ್ನು ದಾಟುವವರ ಹಾಗೆ. ಅಷ್ಟು ಮೆತ್ತಗೆ ನಡೆಯುವವನು ಒಳ್ಳೆಯವನೇ ಇರಬೇಕು ಅಂದುಕೊಂಡೆ. ನಡೆಯುವ ದೃಶ್ಯಗಳಲ್ಲಿ ಮಾತು ನಮ್ಮ ಕೋಣೆಯಲ್ಲಿ ಸರಿಯಾಗಿ ಕೇಳಿಸುವುದೂ ಇಲ್ಲ, ಹೆಜ್ಜೆಗೆ ಅಡ್ಡಬರುತ್ತದೆಂದು ಮೇಷ್ಟ್ರು ಕಡಿಮೆ ಮಾಡಿಟ್ಟಿರುತ್ತಾರೆ. ಮೇಷ್ಟ್ರು ಕೆಮ್ಮಿದ ಹಾಗೆ ಮಾಡಿ ನಕ್ಕರು. ನಾನು ಬೂಟಿನ ಗೋಡೆಗೆ ಹೋದೆ. ನಿರ್ದೇಶಕರು ಮಾತ್ರ ನಗಲಿಲ್ಲ. ಹಾಗಾದರೆ ವಿಷ ಹಾಕಿದ್ದು ಗೊತ್ತಾದಾಗ ಜನರೂ ಹೀಗೇ ಬೆಚ್ಚಬೇಕು, ನಡಿಗೆ ಹಾಗೇ ಇರಲಿ ಎಂದು ಬರೆದುಕೊಂಡರು.

ಆಮೇಲೆ ಹಕ್ಕಿಯ ವಿಷಯ. ಒಂದೇ ಮಾತು ಎರಡೂ ಕಡೆ ಹೇಗೆ ಬಂತು ಎಂದರು. ನಾನು ಇನ್ನೊಂದು ಜೋಡಿ ಬೂಟು ಸರಿಸಿಟ್ಟೆ. ತಾವೂ ಒಂದು ವರ್ಷದಿಂದ ಹಾಗೇ ಎರಡೂ ಕಡೆ ಬರೆದುಕೊಂಡು ಒದ್ದಾಡುತ್ತಿರುವುದಾಗಿ ಹೇಳಿದರು. ಹಾಗಾದರೆ ಪರೀಕ್ಷೆ ಮಾಡಿಯೇ ಬಿಡೋಣ, ಆ ಗಂಟಲನ್ನು ಕರೆಯಿರಿ ಎಂದರು.

ಮೇಷ್ಟ್ರು ನನ್ನ ಮುಂದೆಯೇ ಅಮ್ಮನಿಗೆ ಫೋನ್ ಮಾಡಿದರು. ಸೋಮವಾರ ಬರಬೇಕು ಎಂದರು. ಫೋನಿನಲ್ಲಿ ಅಮ್ಮ ಹಾಂ ಹಾಂ ಎಂದದ್ದು ಕೋಣೆಗೆಲ್ಲಾ ಕೇಳಿಸಿತು.

ಹೇಳಬೇಕಾದ ಮಾತು ಇನ್ನು ಹೇಳಬೇಕಾಗಿಲ್ಲ. ನೆಮ್ಮದಿಯಾಗಬೇಕು. ಆಗುತ್ತಿಲ್ಲ, ಆ ಸದ್ದಿನ ವಿಷಯ ಇನ್ನೂ ಉಳಿದಿದೆ.

ಮಾರ್ಚ್ ೨೫, ಸೋಮವಾರ

ಅಮ್ಮ ಬಂದಳು. ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ, ದನಿ ಖರ್ಚಾಗಬಾರದಲ್ಲ. ಸ್ಟುಡಿಯೋದ ಮೆಟ್ಟಿಲ ಹತ್ತಿರ ಮುಚ್ಚಿದ ಕ್ಯಾಂಟೀನ್ ನೋಡಿ ಒಂದು ನಿಮಿಷ ನಿಂತಳು, ಅಷ್ಟೇ.

ಎರಡು ದಿನದಲ್ಲಿ ಹಕ್ಕಿಗೆ ಮಾತು ಬರೆದಿದ್ದರು. ಮೇಷ್ಟ್ರು ಮೊದಲಿನಂತೆ ಕಿವಿಯಲ್ಲಿ ಸಾಲು ಹೇಳಿದರು, ಅಮ್ಮ ಹೇಳಿದಳು. ಗುಹೆಯ ದೃಶ್ಯದಲ್ಲಿ ತನ್ನದೇ ಮಾತನ್ನೂ ಸೇರಿಸಿದಳು, ಭಯ ಬೆನ್ನ ಮೇಲೆ ಕೂರುವುದನ್ನು. ನಿರ್ದೇಶಕರು ಗಾಜಿನಾಚೆ ಎದ್ದು ನಿಂತರು. ನಾನು ಮೂಲೆಯ ಸ್ಟೂಲಿನಲ್ಲಿ ಕೂತಿದ್ದೆ. ಇಡೀ ಗುಹೆಗೇ ಜೀವ ಬಂದಿತ್ತು. ಪಟ್ಟಿಯಲ್ಲಿ ಒಂದನೆಯದು ಸರಿ, ಐದನೆಯದು ತಪ್ಪು ಅಂದುಕೊಂಡೆ.

ಕೊನೆಗೆ ಬೀಳ್ಕೊಡುವ ದೃಶ್ಯ. ಎಲ್ಲಿ ಮಾತು ಹಾಕಬೇಕು ಎಂದು ತಿಳಿಯಲು ಈಗಿರುವ ಸದ್ದಿನೊಂದಿಗೇ ಓಡಿಸಿದರು. ರಾಜಕುಮಾರಿ ಬಾ ಎಂದಳು. ಹಕ್ಕಿ ಎದೆ ಎತ್ತಿತು. ನನ್ನ ಸದ್ದು ಬಂತು.

ಅಮ್ಮ ಬಾಯಿ ತೆರೆಯಲಿಲ್ಲ. ಜಾಗ ತಪ್ಪಿತು ಎಂದು ಮತ್ತೆ ಓಡಿಸಿದರು. ಮತ್ತೆ ಸುಮ್ಮನಿದ್ದಳು. ಮೂರನೇ ಸಲ ಕಿವಿಗೆ ಹಾಕಿದ್ದ ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ಈ ಸದ್ದು ಯಾರು ಮಾಡಿದ್ದು?"

ಮೇಷ್ಟ್ರು ಗಲ್ಲ ಎತ್ತಿ ನನ್ನ ಕಡೆ ತೋರಿಸಿದರು. ನಾನು ನೆಲ ನೋಡಿದೆ. ಅಮ್ಮನ ಕಾಲು ಮಾತ್ರ ಕಾಣುತ್ತಿತ್ತು. ಅದು ಎತ್ತಲೂ ಅಲುಗಲಿಲ್ಲ. 

ಆಮೇಲೆ ಗಾಜಿನ ಕಡೆ ತಿರುಗಿ ಹೇಳಿದಳು. "ಇದರ ಮೇಲೆ ನಾನು ಮಾತಾಡಲ್ಲ. ಇಲ್ಲಿ ಮಾತು ಹಾಕಿದ್ರೆ ಹಾಳಾಗುತ್ತೆ."

ನಿರ್ದೇಶಕರು ಒಳಗೆ ಬಂದು ತಾಳ್ಮೆಯಿಂದ ವಿವರಿಸಿದರು. ಅಲ್ಲಿಯವರೆಗೆ ಮಾತಾಡಿದ ಹಕ್ಕಿ ಅಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡರೆ ಮುನಿಸಿಕೊಂಡ ಹಾಗೆ ಕಾಣುತ್ತದೆ. ಮಾತಾಡಿದರೆ ಪೂರ್ತಿ ಮಾತಾಡಬೇಕು, ಇಲ್ಲವಾದರೆ ಪೂರ್ತಿ ಸುಮ್ಮನಿರಬೇಕು. ಗುಹೆಯ ಮಾತು ಅಷ್ಟು ಚೆನ್ನಾಗಿ ಬಂದಿದೆ, ಯೋಚಿಸಿ ಎಂದರು.

"ಹಾಗಾದ್ರೆ ಯಾವುದೂ ಬೇಡ," ಎಂದಳು ಅಮ್ಮ. ಅವರು ಮೂರು ಸಲ ಕೇಳಿದರು. ಮೂರು ಸಲವೂ ಅದನ್ನೇ ಹೇಳಿದಳು, ಮೂರನೇ ಸಲ ಸ್ವಲ್ಪ ಜೋರಾಗಿ.

ವಾಪಸ್ ಬರುವಾಗ ಪಕ್ಕದ ಸೀಟು ಖಾಲಿ ಇದ್ದರೂ ನನ್ನ ಮುಂದಿನ ಸೀಟಿನಲ್ಲಿ ಕೂತಳು. ಮನೆಯ ಬೀಗ ತೆಗೆಯುತ್ತಾ, ತಿರುಗಿ ನೋಡದೆ, ಹಕ್ಕಿಗೆ ಮಾತಿಲ್ಲ ಎಂದು ಎಷ್ಟು ದಿನದಿಂದ ಗೊತ್ತಿತ್ತು ಎಂದಳು. ಏಳನೇ ತಾರೀಕಿನಿಂದ ಎಂದೆ.

"ಆ ಸಾಹೇಬರಿಗೆ ನಾಲ್ಕು ಹಾಳೆ ಬರೆದು ಕೊಟ್ಯಂತೆ. ನನಗೆ ನಾಲ್ಕು ಮಾತು ಹೇಳೋಕೆ ಆಗ್ಲಿಲ್ಲ."

 ಅವಳು ಬೇಡ ಎಂದದ್ದು ನನ್ನ ಸದ್ದು ಚೆನ್ನಾಗಿದೆ ಎಂದೋ, ನನ್ನ ಮೇಲಿನ ಸಿಟ್ಟಿಗೋ. ಎರಡೂ ಒಟ್ಟಿಗೆ ಇರಬಹುದೋ. ಇದನ್ನು ಯಾವ ಪಟ್ಟಿಯಲ್ಲಿ ಬರೆಯುವುದು.

ಮಾರ್ಚ್ ೨೯

ಅಮ್ಮ ನೀರಿನ ಸರದಿಯಲ್ಲಿ ಜಗಳ ಆಡಿದಳಂತೆ, ದೊಡ್ಡ ದನಿಯಲ್ಲಿ. ಡ್ರೈವರಣ್ಣ ಹೇಳಿದ. ನನ್ನ ಜೊತೆ ಮಾತ್ರ ಕೈಸನ್ನೆ.

ಏಪ್ರಿಲ್ ೬, ಶನಿವಾರ

ಎರಡನೆಯ ಭಾಗದ ಕೆಲಸ ಮುಗಿಯಿತು. ಈಗ ಒಂದು ಪೊಲೀಸ್ ಸಿನಿಮಾ. ದಿನವಿಡೀ ಬೂಟು.

ನಿನ್ನೆ ಮೇಷ್ಟ್ರು ಒಬ್ಬ ಕಳ್ಳನ ನಡಿಗೆಗೆ ರಬ್ಬರ್ ಅಡಿಯ ಶೂ ಕೊಟ್ಟರು. ಬೇಡ, ಇವನಿಗೆ ಹಿಮ್ಮಡಿ ಸವೆದದ್ದು ಬೇಕು ಎಂದೆ. ಅವರು ನನ್ನನ್ನೇ ನೋಡಿದರು. ಯಾಕೆ ಎಂದರು. ಹೇಳಿದೆ. ಇದರಲ್ಲಿ ಬರೆಯುವಂಥದ್ದೇನೂ ಇಲ್ಲ, ಪುಟ ಖಾಲಿ ಬಿಡಬಾರದೆಂದು ಬರೆದೆ.

ಅಮ್ಮ ಊಟಕ್ಕೆ ಬಾ, ಲೈಟ್ ಆರಿಸು, ಬಾಗಿಲು ಹಾಕು, ಇಷ್ಟು ಮಾತಾಡುತ್ತಾಳೆ.

ಮೇ ೫, ಭಾನುವಾರ

ಶುಕ್ರವಾರ ‘ಕಲ್ಲುಹಕ್ಕಿ’ ಎರಡು ಬಿಡುಗಡೆಯಾಯಿತು. ಇವತ್ತು ಬೆಳಿಗ್ಗೆ ಅಮ್ಮ ಚಪ್ಪಲಿ ಮೆಟ್ಟಿಕೊಂಡು ನಿಂತು, "ಬರ್ತೀಯೋ ಇಲ್ವೋ," ಎಂದಳು. ಹೋದೆವು. ಥಿಯೇಟರ್ ತುಂಬಿತ್ತು.

ಈ ಸಲ ಮುಖಗಳನ್ನೂ ನೋಡಿದೆ. ಮಂತ್ರಿ ನೋಡಲು ಕೂಡ ಬಹಳ ಸಾಧು. ವಿಷದ ವಿಷಯ ಹೊರಬಂದಾಗ ಮುಂದಿನ ಸಾಲಿನ ಹೆಂಗಸು ಅಯ್ಯೋ ಎಂದಳು. ಯುದ್ಧಗಳು ನಾಲ್ಕಿದ್ದದ್ದು ಮೂರಾಗಿವೆ, ಒಂದನ್ನು ಕಿತ್ತಿದ್ದಾರೆ. ಏಳು ಬಾಗಿಲ ಮುದುಕ ಮಾತ್ರ ಹಾಗೇ ಕೂತು ವಿವರಿಸುತ್ತಿದ್ದಾನೆ. ಗುಹೆಯ ದೃಶ್ಯ ಬಂದಾಗ ನನಗೆ ಕೂರಲು ಆಗಲಿಲ್ಲ. ರಾಜಕುಮಾರಿ ಒಬ್ಬಳೇ ಅಷ್ಟು ಹೊತ್ತು ಗೋಳಾಡುತ್ತಾಳೆ, ಎದುರಿಗೆ ಹಕ್ಕಿ ಬಂಡೆಯ ಹಾಗೆ. ಅಮ್ಮ ಅಲ್ಲಿ ಏನು ಹೇಳಿದ್ದಳು ಎಂದು ನನಗೆ ಅಕ್ಷರ ಅಕ್ಷರ ಗೊತ್ತಿತ್ತು. ತೆರೆಯ ಮೇಲೆ ಅದು ಇರಲಿಲ್ಲ.

ಇಂಟರ್ವಲ್ಲಿನಲ್ಲಿ ಹಿಂದಿನ ಸೀಟಿನವನು ತನ್ನ ಹೆಂಡತಿಗೆ, ಮೊದಲನೆಯ ಭಾಗದಲ್ಲಿ ಆ ಮುದುಕಿ ದನಿ ಎಷ್ಟು ಚೆನ್ನಾಗಿತ್ತು, ಅದನ್ನು ತೆಗೆದು ಸಿನಿಮಾನೇ ಕೆಡಿಸಿದ್ದಾರೆ ಎಂದ. ಅಮ್ಮ ಇಡೀ ಮೈ ತಿರುಗಿಸಿ ಕೂತಳು. ಮೊದಲು, ಅದು ಮುದುಕಿಯ ದನಿ ಅಲ್ಲ ಎಂದು ಹೇಳಿದಳು. ಆಮೇಲೆ ಶುರುಮಾಡಿದಳು. ಎಲ್ಲದಕ್ಕೂ ಮಾತಾಡಿಕೊಂಡೇ ಇರುವ ಹಕ್ಕಿಯಾದರೆ ಗಿಳಿ ಸಾಕಬಹುದಿತ್ತು, ಕಲ್ಲಿನದು ಯಾಕೆ ಬೇಕು, ಇನ್ನರ್ಧ ನೋಡಿ ಆಮೇಲೆ ಬಾಯಿ ಬಿಡಿ ಎಂದಳು. ಆ ದನಿ ತನ್ನದು ಎಂದು ಮಾತ್ರ ಹೇಳಲಿಲ್ಲ. ಅವನು ಪಾಪ, ಪಾಪ್‌ಕಾರ್ನಿನ ಪೊಟ್ಟಣವನ್ನು ಎದೆಗೆ ಹಿಡಿದುಕೊಂಡು, ನನಗನ್ನಿಸಿದ್ದು ಹೇಳಿದೆ ಅಷ್ಟೇ ಎಂದ.

"ಅವರು ಹೇಳ್ತಿರೋದು ಸರಿ," ಎಂದೆ ನಾನು.

ಅಮ್ಮ ನನ್ನ ಕಡೆ ತಿರುಗಿದಳು. ಹಿಂದಿನವನೂ ಅವನ ಹೆಂಡತಿಯೂ ನನ್ನನ್ನು ನೋಡಿದರು. ಹೇಳಿಬಿಟ್ಟ ಮೇಲೆ ಕಾರಣ ಕೊಡಬೇಕಲ್ಲ, ಕೊಟ್ಟೆ. ಗುಹೆಯಲ್ಲಿ ಅವಳ ಗೋಳನ್ನು ತಡೆದು ನಿಲ್ಲಿಸಲು ಯಾರೂ ಇಲ್ಲ. ಮೊದಲನೆಯ ಭಾಗದಲ್ಲಿ ಹಕ್ಕಿ ಬೈಯುತ್ತಿದ್ದದ್ದರಿಂದಲೇ ಅವಳ ಅಳು ನಿಜ ಅನ್ನಿಸುತ್ತಿತ್ತು. ಯುದ್ಧ ಕೂಡ ಬರೀ ಗದ್ದಲ, ಏಕೆಂದರೆ ಅದನ್ನು ಬೈಯುವವರು ಒಬ್ಬರೂ ಇಲ್ಲ. ಹಿಂದಿನವನು ಕರೆಕ್ಟು, ಕರೆಕ್ಟು ಎಂದ. ಅಮ್ಮ ಅವನಿಗೆ, ನೀವು ಸುಮ್ಮನಿರಿ, ಇದು ನಮ್ಮನೆ ವಿಷಯ ಎಂದಳು.

ಬೀಳ್ಕೊಡುವ ದೃಶ್ಯ ಬಂದಾಗ ಅಮ್ಮ ಕಣ್ಣು ಮುಚ್ಚಿಕೊಂಡಳು. ನಾನು ತೆರೆದುಕೊ ಎಂದೆ. ಉಶ್ ಎಂದಳು.

ಹೊರಗೆ ಬಂದ ಮೇಲೆ ಬಸ್ ಸ್ಟಾಪಿನವರೆಗೂ ಅದೇ ಜಗಳ. ಅಷ್ಟು ಜನ ಒಟ್ಟಿಗೆ ಪಾಪ್‌ಕಾರ್ನ್ ಅಗಿಯುವುದನ್ನು ನಿಲ್ಲಿಸಿದ್ದು ಕೇಳಿಸಿತಾ, ಯಾವ ಮಾತಿಗೆ ಹಾಗೆ ನಿಲ್ಲಿಸುತ್ತಾರೆ ಹೇಳು ಎಂದಳು. ಒಂದು ದೃಶ್ಯಕ್ಕೋಸ್ಕರ ಇಡೀ ಸಿನಿಮಾ ಮೂಕ ಮಾಡುವುದಾ ಎಂದೆ. ಹೂಂ, ಅದಕ್ಕೋಸ್ಕರವೇ ಎಂದಳು. ನೀನು ಬೇಡ ಎಂದದ್ದು ತಪ್ಪು, ನಿನ್ನ ಗುಹೆಯ ಮಾತು ಕೇಳದೆ ಜನ ಮೋಸಹೋದರು ಎಂದೆ. ಬೀದಿಯಲ್ಲಿ ನಿಂತು ಹೇಳಿದೆ, ಯಾರ್ಯಾರೋ ತಿರುಗಿ ನೋಡಿದರು. ಅದೇ ಭರದಲ್ಲಿ ಆ ಇನ್ನೊಂದು ವಿಷಯವನ್ನೂ ಹೇಳಿಬಿಟ್ಟೆ. ಏಳನೇ ತಾರೀಕು ಹೇಳಲು ಭಯವಾಗಿತ್ತು, ಹದಿನೆಂಟಕ್ಕೆ ಆ ಸದ್ದು ಬಂದ ಮೇಲೆ ಇನ್ನೂ ಭಯವಾಯಿತು, ಆ ಸದ್ದು ನಿನ್ನದೇ, ನೀನು ಏಳುವಾಗ ಬರುವುದು, ಕೇಳದೆ ತೆಗೆದುಕೊಂಡೆ ಎಂದೆ.

"ಮೂರನೇ ಸಲ ಕೇಳಿದಾಗ ಗೊತ್ತಾಯ್ತು," ಎಂದಳು ಅಮ್ಮ. "ನಾನು ಅಷ್ಟು ಕೆಟ್ಟದಾಗಿ ಏಳ್ತೀನಾ?"

"ಕೆಟ್ಟದಾಗಿ ಅಲ್ಲ."

"ಏಳನೇ ತಾರೀಕೇ ಇಷ್ಟು ಮಾತಾಡಿದ್ದಿದ್ರೆ..." ಎಂದು ಏನೋ ಹೇಳಹೊರಟಳು, ಅಷ್ಟರಲ್ಲಿ ಬಸ್ ಬಂತು. ಒಂದೇ ಸೀಟು ಖಾಲಿ ಇತ್ತು. ನನ್ನನ್ನು ಕೂರಿಸಿ, ಕಂಬಿ ಹಿಡಿದು ನಿಂತು, ಆ ಏಳು ಬಾಗಿಲ ಮುದುಕನನ್ನು ಬೈಯಲು ಶುರುಮಾಡಿದಳು. ಆ ಒಂದು ವಿಷಯದಲ್ಲಿ ನಮ್ಮಿಬ್ಬರದೂ ಒಂದೇ ಮಾತು. ಮನೆ ಬಾಗಿಲಿಗೆ ಬಂದ ಮೇಲೆ ಮತ್ತೆ ಗುಹೆಗೆ ಹೋದೆವು. ಡ್ರೈವರಣ್ಣ ಹೊರಗೆ ಬಂದು, ಏನು ಇಬ್ಬಿಬ್ಬರ ದನಿ ಕೇಳಿಸ್ತಿದೆ ಎಂದ.

ಎರಡನೆಯ ಭಾಗ ಚೆನ್ನಾಗಿದೆಯೋ ಇಲ್ಲವೋ ನನಗೆ ಇನ್ನೂ ಗೊತ್ತಾಗಿಲ್ಲ. ನಾನು ಹೇಳುತ್ತಿದ್ದದ್ದು ಸರಿ ಅನ್ನಿಸುತ್ತದೆ, ಅಮ್ಮ ಹೇಳಿದ್ದೂ ಸರಿ ಅನ್ನಿಸುತ್ತದೆ. ಇನ್ನೊಂದು ಸಲ ನೋಡಬೇಕು ಎಂದು ಅಮ್ಮ ಹೇಳುತ್ತಿದ್ದಾಳೆ, ನನ್ನ ತಪ್ಪು ತೋರಿಸಲು.

ಗಂಟಲು ಯಾಕೋ ಕಟ್ಟಿದೆ, ನುಂಗಿದರೆ ನೋವು. ಥಿಯೇಟರಿನ ಆ ತಣ್ಣನೆಯ ಗಾಳಿಯದೇ ಕೆಲಸ ಇರಬೇಕು. ಪರವಾಗಿಲ್ಲ, ನಾಳೆ ಬರೀ ನಡೆಯುವುದು ತಾನೇ.